ದಿನವೂ ಜೊತೆಗಿರುವ ಮಡಚದ ಸಣ್ಣ ಚಾಕು: ಆರಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಪಾರ್ಸೆಲ್ಲಿನ ಟೇಪು ಸೀಳುವುದು, ಹಗ್ಗ ತುಂಡರಿಸುವುದು, ಹಣ್ಣು ಹೆಚ್ಚುವುದು, ಬಿಗಿದ ಪ್ಲಾಸ್ಟಿಕ್ ಪಟ್ಟಿಯನ್ನು ಬಿಡಿಸುವುದು ಮುಂತಾದ ಸಣ್ಣ ಕೆಲಸಗಳಿಗೆಂದು ಜೇಬಿನಲ್ಲಿ ಮಡಚುವ ಚಾಕು ಇಟ್ಟುಕೊಳ್ಳುವುದು ಬಹುಕಾಲದ ರೂಢಿ. ಅದರ ಬದಲಿಗೆ ಒರೆಯಲ್ಲಿ ಸೇರಿಸಿಡುವ, ಮಡಚದ ಪುಟ್ಟ ಚಾಕುಗಳನ್ನು ಈಗ ಹಲವು ತಯಾರಕರು ಮಾಡುತ್ತಿದ್ದಾರೆ. ಮೊದಲ ಬಾರಿಗೆ ಇಂಥದ್ದನ್ನು ಕೊಳ್ಳಲು ಹೊರಟವರು ಉಕ್ಕಿನ ಸಂಕೇತಗಳು, ಮೊನೆಯ ಆಕಾರಗಳ ಹೆಸರುಗಳು, ಹಿಡಿಯ ಸಾಮಗ್ರಿಗಳ ಪಟ್ಟಿ ಇವುಗಳ ನಡುವೆ ದಾರಿ ತಪ್ಪುವುದು ಸಹಜ. ಸಾಮಾನ್ಯವಾಗಿ ಎಲ್ಲರೂ ಮೊದಲು ಕೇಳುವ ಪ್ರಶ್ನೆ ‘ಇದು ಯಾವ ಉಕ್ಕು?’ ಎಂಬುದು. ಆದರೆ ದಿನಬಳಕೆಯ ಸಣ್ಣ ಚಾಕು ಕೆಲಸಕ್ಕೆ ಬರುತ್ತದೆಯೇ ಇಲ್ಲವೇ ಎಂಬುದನ್ನು ಮೊದಲು ತೀರ್ಮಾನಿಸುವುದು ಅದರ ಅಲಗು ಎಷ್ಟು ತೆಳ್ಳಗಿದೆ ಮತ್ತು ಅದರ ಒರೆ ಹೇಗಿದೆ ಎಂಬ ಎರಡು ಸಂಗತಿಗಳು. ಉಕ್ಕಿನ ಸರದಿ ಅವುಗಳ ನಂತರದ್ದು.

ಮಡಚದ ಚಾಕು ಎಂದರೇನು

ಅಲಗು ಮತ್ತು ಹಿಡಿ ಕೀಲಿಲ್ಲದೆ ಒಂದಾಗಿ ಕೂಡಿರುವ ಚಾಕುವನ್ನು ಇಲ್ಲಿ ಮಡಚದ ಚಾಕು ಎಂದು ಕರೆದಿದ್ದೇವೆ. ಮಡಚುವ ಚಾಕುವಿನಲ್ಲಿ ಕೀಲು, ತಿರುಪು, ಅಲಗನ್ನು ತೆರೆದ ಸ್ಥಿತಿಯಲ್ಲಿ ಹಿಡಿದಿಡುವ ಬೀಗ ಇತ್ಯಾದಿ ಭಾಗಗಳಿರುತ್ತವೆ. ಒತ್ತಡ ಬಿದ್ದಾಗ ಬೀಗ ಜಾರಿದರೆ ಅಲಗು ಬೆರಳಿನ ಮೇಲೆ ಮುಚ್ಚಿಕೊಳ್ಳುವ ಅಪಾಯವೂ ಇರುತ್ತದೆ. ಮಡಚದ ಚಾಕುವಿನಲ್ಲಿ ಈ ಭಾಗಗಳಾವುವೂ ಇಲ್ಲದಿರುವುದರಿಂದ ಅದು ಗಟ್ಟಿ, ಮತ್ತು ಹಣ್ಣಿನ ರಸವೋ ಅಂಟೋ ಮಣ್ಣೋ ಸೇರಿಕೊಳ್ಳುವ ಸಂದುಗಳು ಕಡಿಮೆಯಾದ್ದರಿಂದ ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಸ್ವಚ್ಛವಾಗುತ್ತದೆ. ಈ ಅನುಕೂಲಕ್ಕೆ ಪ್ರತಿಯಾಗಿ, ಬಳಸದೆ ಇರುವಾಗಲೂ ಅದರ ಪೂರ್ತಿ ಉದ್ದವನ್ನು, ಮೇಲೊಂದು ಒರೆಯ ಸಮೇತ, ಮೈಮೇಲೆ ಹೊತ್ತು ತಿರುಗಬೇಕು.

ಅಲಗಿನ ಉಕ್ಕು ಹಿಡಿಯೊಳಗೂ ಮುಂದುವರಿಯುತ್ತದೆ. ಒಳಗಿರುವ ಆ ಭಾಗಕ್ಕೆ ಟ್ಯಾಂಗ್ ಎಂದು ಹೆಸರು. ಅದು ಹಿಡಿಯಷ್ಟೇ ಅಗಲ ಮತ್ತು ಉದ್ದವಾಗಿದ್ದು ಅಂಚಿನಲ್ಲಿ ಹೊರಗೆ ಕಾಣುತ್ತಿದ್ದರೆ ಅದನ್ನು ಫುಲ್ ಟ್ಯಾಂಗ್ ಎನ್ನುತ್ತಾರೆ. ಕಿರಿದಾದ ಕಡ್ಡಿಯಂತೆ ಹಿಡಿಯೊಳಗೆ ಹುದುಗಿರುವ ಟ್ಯಾಂಗ್ ಇನ್ನೊಂದು ಬಗೆ. ಫುಲ್ ಟ್ಯಾಂಗ್ ಇಲ್ಲದ ಚಾಕು ದುರ್ಬಲವೆಂಬ ಮಾತು ಆಗಾಗ ಕೇಳಿಬರುತ್ತದೆ. ದೊಡ್ಡ ಚಾಕುವಿನಿಂದ ಕಟ್ಟಿಗೆ ಸೀಳುವವರಿಗೆ ಆ ಮಾತಿನಲ್ಲಿ ಅರ್ಥವಿದೆ. ಆರು ಸೆಂಟಿಮೀಟರ್ ಅಲಗಿನಿಂದ ಟೇಪು, ಹಗ್ಗ, ಹಣ್ಣು ಕತ್ತರಿಸುವವರು ಅದಕ್ಕಾಗಿ ತಲೆಕೆಡಿಸಿಕೊಳ್ಳಬೇಕಿಲ್ಲ. ಸರಿಯಾಗಿ ಕೂರಿಸಿದ ಕಿರಿದಾದ ಟ್ಯಾಂಗ್ ಈ ಕೆಲಸಗಳಿಗೆ ಧಾರಾಳವಾಗಿ ಸಾಕು, ಜೊತೆಗೆ ಚಾಕುವನ್ನು ಹಗುರವಾಗಿಯೂ ಇರಿಸುತ್ತದೆ.

ಎಷ್ಟು ಉದ್ದ ಬೇಕು

ದಿನಬಳಕೆಗೆಂದು ಮಾಡಿದ ಸಣ್ಣ ಚಾಕುಗಳ ಅಲಗು ಸುಮಾರು 5ರಿಂದ 9 ಸೆಂಟಿಮೀಟರ್ ಇರುತ್ತದೆ. ಐದಕ್ಕಿಂತ ಕಡಿಮೆಯಾದರೆ ಸೇಬಿನಂಥ ಹಣ್ಣನ್ನು ಒಂದೇ ಎಳೆತಕ್ಕೆ ಹೋಳು ಮಾಡುವುದು ಕಷ್ಟ. ಒಂಬತ್ತನ್ನು ಮೀರಿದರೆ ಕುಳಿತಾಗ ಒರೆಯ ತುದಿ ತೊಡೆಗೋ ಹೊಟ್ಟೆಗೋ ಒತ್ತತೊಡಗುತ್ತದೆ. ಏಳು ಸೆಂಟಿಮೀಟರ್ ಆಸುಪಾಸಿನ ಅಲಗು ಹೆಚ್ಚಿನವರಿಗೆ ಒಗ್ಗುತ್ತದೆ.

ಅಲಗಿಗಿಂತಲೂ ಹೆಚ್ಚು ಜಾಗ ಹಿಡಿಯುವುದು ಹಿಡಿ. ವಯಸ್ಕರ ನಾಲ್ಕು ಬೆರಳೂ ಆರಾಮವಾಗಿ ಕೂರಬೇಕಾದರೆ ಹಿಡಿ 9ರಿಂದ 10 ಸೆಂಟಿಮೀಟರ್ ಇರಬೇಕಾಗುತ್ತದೆ. ಮೂರೇ ಬೆರಳು ಹಿಡಿಸುವ ಗಿಡ್ಡ ಹಿಡಿಯ ಚಾಕು ಜೇಬಿನಲ್ಲಿ ಮರೆತುಹೋಗುವಷ್ಟು ಹಗುರವಾಗಿರಬಹುದು, ಆದರೆ ದಪ್ಪ ರಟ್ಟಿನ ಪೆಟ್ಟಿಗೆಗಳನ್ನು ಅರ್ಧ ಗಂಟೆ ಕತ್ತರಿಸಬೇಕಾಗಿ ಬಂದಾಗ ಅದು ಅಂಗೈಯಲ್ಲಿ ಹೊರಳುತ್ತದೆ. ಹೊರಳುವ ಚಾಕು ಅಪಾಯಕಾರಿ.

ಅಲಗಿನ ದಪ್ಪ ಮತ್ತು ಇಳಿಜಾರು

ಚಾಕುವಿನ ಹರಿತವಾದ ಅಂಚನ್ನು ಬಾಯಿ ಎಂದೂ ಅದರ ಎದುರಿನ ಮೊಂಡು ಅಂಚನ್ನು ಬೆನ್ನು ಎಂದೂ ಕರೆಯೋಣ. ಬೆನ್ನಿನಿಂದ ಬಾಯಿಯ ಕಡೆಗೆ ಅಲಗು ಕ್ರಮೇಣ ತೆಳುವಾಗುತ್ತಾ ಬರುತ್ತದೆ. ಕತ್ತರಿಸುವ ಕ್ರಿಯೆಯಲ್ಲಿ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ: ಬಾಯಿ ವಸ್ತುವನ್ನು ಸೀಳುತ್ತದೆ, ಹಿಂದಿನಿಂದ ಬರುವ ಅಲಗಿನ ಮೈ ಆ ಸೀಳನ್ನು ಅಗಲಿಸಿ ಒಳಗೆ ನುಗ್ಗುತ್ತದೆ. ಬಾಯಿ ಎಷ್ಟೇ ಹರಿತವಾಗಿದ್ದರೂ ಮೈ ದಪ್ಪವಾಗಿದ್ದರೆ ಎರಡನೆಯ ಕೆಲಸಕ್ಕೆ ಬಲ ಬೇಕಾಗುತ್ತದೆ. ದಪ್ಪ ಬೆನ್ನಿನ ಗಿಡ್ಡ ಚಾಕುವಿನಿಂದ ಸೇಬನ್ನು ಹೆಚ್ಚಲು ಹೋದಾಗ ಹಣ್ಣು ಅರ್ಧದವರೆಗೆ ಕತ್ತರಿಸಿಕೊಂಡು ಮುಂದೆ ‘ಟಕ್’ ಎಂದು ಒಡೆದುಹೋಗುವುದು ಇದೇ ಕಾರಣಕ್ಕೆ.

ಇದನ್ನು ಲೆಕ್ಕದಲ್ಲಿ ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಬೆನ್ನು 2.5 ಮಿ.ಮೀ. ದಪ್ಪ, ಬೆನ್ನಿನಿಂದ ಬಾಯಿಗೆ 25 ಮಿ.ಮೀ. ಅಗಲ ಇರುವ ಅಲಗು ನೇರ ಇಳಿಜಾರಿನಲ್ಲಿ ಬಾಯಿಗೆ ಬಂದು ಕೂಡುತ್ತದೆ ಎಂದುಕೊಂಡರೆ, ಅದರ ಎರಡು ಮೈಗಳ ನಡುವಿನ ಕೋನ ಸುಮಾರು 5.7 ಡಿಗ್ರಿ. ಬೆನ್ನು 4 ಮಿ.ಮೀ. ಆಗಿ ಅಗಲ 20 ಮಿ.ಮೀ.ಗೆ ಇಳಿದರೆ ಆ ಕೋನ 11.4 ಡಿಗ್ರಿ, ಅಂದರೆ ಸರಿಯಾಗಿ ಎರಡು ಪಟ್ಟು. ಕೈಗೆ ಕೊಂಚವೇ ಭಾರ ಅನ್ನಿಸುವ ಈ ಬದಲಾವಣೆ ರಟ್ಟಿನಲ್ಲಿ ಮತ್ತು ಹಣ್ಣಿನಲ್ಲಿ ಕೂಡಲೇ ಗೊತ್ತಾಗುತ್ತದೆ. ಸ್ವೀಡನ್ನಿನ ಮೊರಾಕ್ನೀವ್ ತಯಾರಿಸುವ ಎಲ್ಡ್ರಿಸ್ ಚಾಕುವಿನ ಅಲಗು 59 ಮಿ.ಮೀ. ಉದ್ದ, 2 ಮಿ.ಮೀ. ದಪ್ಪ. ಇದೇ ವರ್ಗದ ಇನ್ನೊಂದು ಹೆಸರುವಾಸಿ ಚಾಕುವಾದ ಇಎಸ್‌ಇಇ ಕಂಪನಿಯ ಇಜುಲಾದ ದಪ್ಪ ಸುಮಾರು 4 ಮಿ.ಮೀ. ಎರಡೂ ಅಂಗೈಯಷ್ಟೇ ಇರುವ ಚಾಕುಗಳು, ಆದರೆ ಮೊದಲನೆಯದು ನವಿರಾದ ಕತ್ತರಿಕೆಗೆ ವಾಲುತ್ತದೆ, ಎರಡನೆಯದು ಒರಟು ಬಳಕೆಯನ್ನು ತಾಳಿಕೊಳ್ಳಲೆಂದು ಮಾಡಿದ್ದು. ಮೀಟುವ, ಸೀಳುವ ಕೆಲಸ ಇಲ್ಲದವರಿಗೆ 2ರಿಂದ 3 ಮಿ.ಮೀ. ಬೆನ್ನು ಸಾಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಳಿಜಾರನ್ನು ತೇಯುವ ಬಗೆಗಳಿಗೂ ಬೇರೆ ಬೇರೆ ಹೆಸರುಗಳಿವೆ. ಬೆನ್ನಿನಿಂದಲೇ ಆರಂಭವಾಗಿ ಸಪಾಟಾಗಿ ಇಳಿದು, ಬಾಯಿಯ ಬಳಿ ಇನ್ನೊಂದು ಪುಟ್ಟ ಇಳಿಜಾರಿನಲ್ಲಿ ಮುಗಿಯುವುದು ಫ್ಲಾಟ್ ಗ್ರೈಂಡ್. ಎಲ್ಲ ಕೆಲಸಕ್ಕೂ ಸಮನಾಗಿ ಒದಗುವ ಬಗೆ ಇದೇ. ಮೈಯನ್ನು ಒಳಕ್ಕೆ ಬಾಗುವಂತೆ ಕೊರೆದದ್ದು ಹಾಲೋ ಗ್ರೈಂಡ್. ಬಾಯಿಯ ಹಿಂದೆ ಅದು ಬಹಳ ತೆಳ್ಳಗಿರುವುದರಿಂದ ಟೇಪು, ಹಗ್ಗ, ಚರ್ಮವನ್ನು ಸಲೀಸಾಗಿ ಕತ್ತರಿಸುತ್ತದೆ, ಆದರೆ ಆಳಕ್ಕೆ ಇಳಿದಾಗ ದಪ್ಪ ಭಾಗ ತಡೆಯುತ್ತದೆ. ಅಲಗಿನ ಮಧ್ಯದಿಂದ ಶುರುವಾಗಿ ಎರಡನೆಯ ಇಳಿಜಾರಿಲ್ಲದೆ ನೇರ ಬಾಯಿಗೇ ಬಂದು ಸೇರುವುದನ್ನು ಸ್ಕ್ಯಾಂಡಿ ಗ್ರೈಂಡ್ ಎನ್ನುತ್ತಾರೆ. ಮರ ಕೆತ್ತುವಾಗ ಇದರ ಹಿಡಿತ ಬಹಳ ಚೆನ್ನ. ಸಾಣೆ ಹಿಡಿಯುವಾಗ ಆ ಅಗಲವಾದ ಇಳಿಜಾರನ್ನು ಕಲ್ಲಿನ ಮೇಲೆ ಸಪಾಟಾಗಿ ಕೂರಿಸಿದರೆ ಸಾಕು, ಕೋನ ತಾನಾಗಿ ಸರಿಹೋಗುತ್ತದೆ. ಹೊಸದಾಗಿ ಸಾಣೆ ಕಲಿಯುವವರಿಗೆ ಇದು ದೊಡ್ಡ ಉಪಕಾರ.

ಮೊನೆಯ ಆಕಾರ

ಬೆನ್ನು ಮೆಲ್ಲನೆ ಬಾಗಿ ಮೊನೆಗೆ ಇಳಿಯುವ ಆಕಾರಕ್ಕೆ ಡ್ರಾಪ್ ಪಾಯಿಂಟ್ ಎಂದು ಹೆಸರು. ಮೊನೆ ಗಟ್ಟಿಯಾಗಿರುತ್ತದೆ, ಬಾಯಿಯ ಬಾಗು ಹೆಚ್ಚಲು ಅನುಕೂಲವಾಗಿರುತ್ತದೆ. ಯಾವುದೆಂದು ತೋಚದಿದ್ದವರು ಇದನ್ನೇ ಆರಿಸಬಹುದು. ಬಾಯಿ ನೇರವಾಗಿದ್ದು ಬೆನ್ನು ಬಾಗಿ ಅದನ್ನು ಬಂದು ಸೇರುವ ಶೀಪ್ಸ್‌ಫೂಟ್ ಮತ್ತು ವಾರ್ನ್‌ಕ್ಲಿಫ್ ಆಕಾರಗಳು ಪೆಟ್ಟಿಗೆ ತೆರೆಯಲು, ಗೆರೆ ಎಳೆದಂತೆ ನೇರವಾಗಿ ಕತ್ತರಿಸಲು ಒಳ್ಳೆಯವು. ಶೀಪ್ಸ್‌ಫೂಟ್‌ನ ತುದಿ ಮೊಂಡಾಗಿರುವುದರಿಂದ ಆಕಸ್ಮಿಕವಾಗಿ ಚುಚ್ಚಿಕೊಳ್ಳುವ ಭಯವೂ ಕಡಿಮೆ, ನೋಡುವವರಿಗೂ ಅದು ಆಯುಧದಂತೆ ಕಾಣುವುದಿಲ್ಲ. ಬೆನ್ನಿನ ಮುಂಭಾಗವನ್ನು ಕಡಿದಂತಿರುವ ಕ್ಲಿಪ್ ಪಾಯಿಂಟ್‌ನ ಮೊನೆ ಸೂಕ್ಷ್ಮ ಕೆಲಸಕ್ಕೆ ಚೂಪಾಗಿರುತ್ತದೆ, ಮುರಿಯುವುದೂ ಬೇಗ.

ಉಕ್ಕಿನ ಲೆಕ್ಕಾಚಾರ

ಕಬ್ಬಿಣಕ್ಕೆ ಇಂಗಾಲ ಸೇರಿದಾಗ ಉಕ್ಕಾಗುತ್ತದೆ. ಅದನ್ನು ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿದರೆ ಬಹಳ ಗಡಸಾಗುತ್ತದೆ. ಮತ್ತೆ ಹದವಾದ ಶಾಖದಲ್ಲಿ ಕಾಯಿಸಿ ಆ ಗಡಸುತನವನ್ನು ಬೇಕಾದಷ್ಟಕ್ಕೆ ಇಳಿಸುತ್ತಾರೆ. ಹೀಗೆ ಹದ ಕೊಡುವ ಕೆಲಸ ಕೆಟ್ಟರೆ ಅತ್ಯುತ್ತಮ ಉಕ್ಕೂ ಸಾಧಾರಣ ಚಾಕುವಾಗುತ್ತದೆ. ಆದ್ದರಿಂದ ಅಲಗಿನ ಮೇಲೆ ಕೆತ್ತಿದ ಉಕ್ಕಿನ ಹೆಸರಷ್ಟೇ ಪೂರ್ತಿ ಕಥೆ ಹೇಳುವುದಿಲ್ಲ.

ಉಕ್ಕಿನಿಂದ ನಾವು ಮೂರು ಗುಣಗಳನ್ನು ಬಯಸುತ್ತೇವೆ: ಹರಿತ ಬಹುಕಾಲ ಉಳಿಯಬೇಕು, ಬಾಯಿ ಚಕ್ಕೆ ಏಳಬಾರದು, ತುಕ್ಕು ಹಿಡಿಯಬಾರದು. ಮೊದಲೆರಡು ಗುಣಗಳ ನಡುವೆಯೇ ಎಳೆದಾಟವಿದೆ. ಗಾಜು ಗಡಸು, ಆದರೆ ಬಿದ್ದರೆ ಒಡೆಯುತ್ತದೆ. ಸೀಸ ಒಡೆಯುವುದಿಲ್ಲ, ಆದರೆ ಉಗುರಿನಲ್ಲೂ ಗೀರಬಹುದು. ಚಾಕುವಿನ ಉಕ್ಕು ಈ ಎರಡರ ನಡುವೆ ಎಲ್ಲೋ ನಿಲ್ಲಬೇಕು. ಗಡಸುತನವನ್ನು ಅಳೆಯುವ ಮಾಪಕಕ್ಕೆ ರಾಕ್‌ವೆಲ್ ಸಿ ಎಂದು ಹೆಸರು. ವಜ್ರದ ಶಂಕುವನ್ನು 150 ಕಿಲೋಗ್ರಾಂ ಭಾರದಲ್ಲಿ ಉಕ್ಕಿನ ಮೇಲೆ ಒತ್ತಿ, ಅದು ಎಷ್ಟು ಆಳಕ್ಕೆ ಇಳಿಯಿತು ಎಂಬುದರಿಂದ ಅಂಕ ಕೊಡುತ್ತಾರೆ. ಸಣ್ಣ ಚಾಕುಗಳು ಸಾಮಾನ್ಯವಾಗಿ 56ರಿಂದ 62ರ ನಡುವೆ ಇರುತ್ತವೆ. ಕೆಳಗಿನ ಅಂಕದವು ಬೇಗ ಮೊಂಡಾದರೂ ಬೇಗ ಸಾಣೆಗೆ ಬಗ್ಗುತ್ತವೆ. ಮೇಲಿನ ಅಂಕದವು ಸಾಮಾನ್ಯವಾಗಿ ಹೆಚ್ಚು ದಿನ ಬಾಳಿದರೂ ಸಾಣೆ ಹಿಡಿಯಲು ತಾಳ್ಮೆ ಬೇಡುತ್ತವೆ.

ಮೂರನೆಯ ಗುಣಕ್ಕೆ ಕಾರಣ ಕ್ರೋಮಿಯಂ. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ 1913ರಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆಗೆ ಸವೆಯದ ಉಕ್ಕು ಹುಡುಕುತ್ತಿದ್ದಾಗ ಸುಮಾರು 13 ಶೇಕಡಾ ಕ್ರೋಮಿಯಂ ಇರುವ, ತುಕ್ಕು ಹಿಡಿಯದ ಉಕ್ಕನ್ನು ಎರಕ ಹೊಯ್ದರು. ಅದು ಬಹುಬೇಗ ಊಟದ ಮೇಜಿನ ಚಾಕುಗಳಿಗೆ ಬಂತು. ಈಗ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇದ್ದರೆ ಸ್ಟೇನ್‌ಲೆಸ್ ಎಂದು ಕರೆಯುವುದು ರೂಢಿ. ಇಲ್ಲೊಂದು ಸೂಕ್ಷ್ಮವಿದೆ. ತುಕ್ಕನ್ನು ತಡೆಯುವುದು ಉಕ್ಕಿನಲ್ಲಿ ಬಿಡಿಯಾಗಿ ಕರಗಿರುವ ಕ್ರೋಮಿಯಂ ಮಾತ್ರ. ಇಂಗಾಲದೊಂದಿಗೆ ಕೂಡಿ ಗಡಸು ಕಣಗಳಾದ ಕ್ರೋಮಿಯಂ ಆ ಕೆಲಸಕ್ಕೆ ಒದಗುವುದಿಲ್ಲ. ಡಿ2 ಎಂಬ ಜನಪ್ರಿಯ ಉಕ್ಕಿನಲ್ಲಿ ಸುಮಾರು 12 ಶೇಕಡಾ ಕ್ರೋಮಿಯಂ ಇದ್ದರೂ 1.5 ಶೇಕಡಾದಷ್ಟು ಇಂಗಾಲವೂ ಇರುವುದರಿಂದ ಕ್ರೋಮಿಯಂನ ದೊಡ್ಡ ಪಾಲು ಆ ಗಡಸು ಕಣಗಳಲ್ಲಿ ಸಿಕ್ಕಿಬೀಳುತ್ತದೆ, ಆದ್ದರಿಂದ ಬೆವರು ತಾಗಿದರೆ ಡಿ2 ಅಲಗಿನ ಮೇಲೆ ಚುಕ್ಕೆ ಚುಕ್ಕೆಯಾಗಿ ತುಕ್ಕು ಕಾಣಿಸಿಕೊಳ್ಳುತ್ತದೆ. ಈ ತೊಡಕನ್ನು ಬಿಡಿಸಲೆಂದೇ ಲೋಹವಿಜ್ಞಾನಿ ಲ್ಯಾರಿನ್ ಥಾಮಸ್ ರೂಪಿಸಿದ, 2021ರಲ್ಲಿ ಮಾರುಕಟ್ಟೆಗೆ ಬಂದ ಮ್ಯಾಗ್ನಾಕಟ್ ಉಕ್ಕಿನಲ್ಲಿ ಗಡಸು ಕಣಗಳನ್ನು ವನೇಡಿಯಂ ಮತ್ತು ನಯೋಬಿಯಂ ಲೋಹಗಳಿಗೆ ವಹಿಸಿ, ಕ್ರೋಮಿಯಂ ಅನ್ನು ತುಕ್ಕು ತಡೆಯುವ ಕೆಲಸಕ್ಕೆ ಬಿಡುಗಡೆ ಮಾಡಲಾಗಿದೆ.

ಇಷ್ಟು ತಿಳಿದ ಮೇಲೆ ಆಯ್ಕೆ ಸುಲಭ. ಚಾಕು ಮೈಗೆ ಅಂಟಿಕೊಂಡೇ ಇರುವುದರಿಂದ ಬೆವರಿನ ಉಪ್ಪು ಅದಕ್ಕೆ ದಿನವೂ ತಾಗುತ್ತದೆ. ಹಣ್ಣಿನ ಹುಳಿಯೂ ತಾಗಬಹುದು. ಸುಮಾರು 0.95 ಶೇಕಡಾ ಇಂಗಾಲವಿರುವ, ಕ್ರೋಮಿಯಂ ಇಲ್ಲದ 1095ರಂಥ ಉಕ್ಕು ಸಾಣೆಗೆ ಬಲು ಸುಲಭ, ಗಟ್ಟಿಯೂ ಹೌದು, ಆದರೆ ಒರೆಸಿ ಎಣ್ಣೆ ಸವರುವ ಅಭ್ಯಾಸ ಇಲ್ಲದವರ ಕೈಯಲ್ಲಿ ಕೆಲವೇ ದಿನಗಳಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ. ಆ ಅಭ್ಯಾಸ ಇಲ್ಲದವರಿಗೆ 14ಸಿ28ಎನ್‌ನಂಥ ಸರಳ ಸ್ಟೇನ್‌ಲೆಸ್ ಉಕ್ಕು ಸರಿಯಾದ ಜೋಡಿ: ತುಕ್ಕಿಗೆ ಬೇಗ ಸೋಲುವುದಿಲ್ಲ, ತೆಳ್ಳಗೆ ತೇಯ್ದರೂ ಬಾಯಿ ಚಕ್ಕೆ ಏಳುವುದಿಲ್ಲ, ಸಾಮಾನ್ಯ ಸಾಣೆ ಕಲ್ಲಿಗೂ ಬಗ್ಗುತ್ತದೆ.

ಹಿಡಿ

ಗಾಜಿನ ನಾರನ್ನು ಎಪಾಕ್ಸಿ ಅಂಟಿನಲ್ಲಿ ಒತ್ತಿ ಮಾಡಿದ ಜಿ10, ಬಟ್ಟೆ ಅಥವಾ ಕಾಗದದ ಪದರಗಳನ್ನು ರಾಳದಲ್ಲಿ ಒತ್ತಿ ಮಾಡಿದ ಮೈಕಾರ್ಟಾ, ಮರ, ರಬ್ಬರ್ ಇವು ಸಾಮಾನ್ಯ ಸಾಮಗ್ರಿಗಳು. ಇವುಗಳ ಪೈಕಿ ಯಾವುದಾದರೂ ಆಗಬಹುದು, ನೋಡಬೇಕಾದದ್ದು ಆಕಾರ. ಕೈ ಒದ್ದೆಯಾದಾಗ ಬೆರಳು ಮುಂದಕ್ಕೆ ಜಾರಿ ಬಾಯಿಯ ಮೇಲೆ ಹೋಗದಂತೆ ತಡೆಯುವ ಉಬ್ಬೋ ತಗ್ಗೋ ಹಿಡಿಯ ಮುಂಭಾಗದಲ್ಲಿ ಇರಲೇಬೇಕು. ಹಗುರವಾಗಲೆಂದು ಹಿಡಿಗೆ ಹೊದಿಕೆಯನ್ನೇ ಹಾಕದೆ ತೂತು ಕೊರೆದ ಬರಿಯ ಉಕ್ಕನ್ನು ಬಿಟ್ಟಿರುವ ಚಾಕುಗಳೂ ಇವೆ. ಜೇಬಿನಲ್ಲಿ ಅವು ತೆಳ್ಳಗೆ ಕೂರುತ್ತವೆ, ಆದರೆ ಬಲ ಹಾಕಿ ಕತ್ತರಿಸುವಾಗ ಆ ಕಿರಿದಾದ ಅಂಚು ಅಂಗೈಯನ್ನು ಒತ್ತಿ ನೋಯಿಸುತ್ತದೆ.

ಒರೆ

1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ಓಟ್ಸಿ ಎಂಬ ಮನುಷ್ಯನ ಬಳಿ ಚಕಮಕಿ ಕಲ್ಲಿನ ಅಲಗು, ಮರದ ಹಿಡಿ ಇದ್ದ ಪುಟ್ಟ ಚೂರಿಯೊಂದಿತ್ತು. ಅದರ ಒಟ್ಟು ಉದ್ದ ಸುಮಾರು 13 ಸೆಂಟಿಮೀಟರ್. ಅದಕ್ಕೆ ಮರದ ತೊಗಟೆಯ ನಾರಿನಿಂದ ಹೆಣೆದ ಒರೆಯೂ ಇತ್ತು. ಸಣ್ಣ ಚಾಕುವನ್ನು ಮೈಮೇಲೆ ಹೊತ್ತು ತಿರುಗುವವರಿಗೆ ಒರೆ ಆಗಲೂ ಬೇಕಿತ್ತು. ಹೀಗಿದ್ದರೂ ಅದನ್ನು ಚಾಕುವಿನ ಜೊತೆ ಪುಕ್ಕಟೆ ಬರುವ ವಸ್ತುವೆಂದು ಭಾವಿಸುವ ಕೊಳ್ಳುಗರೇ ಹೆಚ್ಚು. ದಿನದ ಬಹುಪಾಲು ಹೊತ್ತು ಚಾಕು ಇರುವುದು ಒರೆಯಲ್ಲಿ. ಅದು ಸಡಿಲವಾಗಿದ್ದರೆ ಬಿಚ್ಚಿದ ಅಲಗು ಜೇಬಿನಲ್ಲಿ ತೊಡೆಯ ಪಕ್ಕದಲ್ಲೇ ಇರುತ್ತದೆ. ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳ ಹಾದುಹೋಗುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಚರ್ಮದ ಒರೆ ಸದ್ದು ಮಾಡುವುದಿಲ್ಲ, ಮೈಗೆ ಮೃದು. ಆದರೆ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ತುಕ್ಕು ಹಿಡಿಯುವ ಅಲಗನ್ನು ಅದರಲ್ಲಿ ವಾರಗಟ್ಟಲೆ ಬಿಡಬಾರದು. ಒಳ್ಳೆಯ ಚರ್ಮದ ಒರೆಯಲ್ಲಿ ಹೊಲಿಗೆಯ ಅಂಚಿನ ಒಳಗೆ ಇನ್ನೊಂದು ಚರ್ಮದ ಪಟ್ಟಿ ಸೇರಿರುತ್ತದೆ. ಅಲಗಿನ ಬಾಯಿ ನೇರವಾಗಿ ಹೊಲಿಗೆಯ ದಾರಕ್ಕೆ ತಾಗದಂತೆ ಅದು ಕಾಯುತ್ತದೆ. ಇನ್ನೊಂದು ಬಗೆ ಕೈಡೆಕ್ಸ್, ಅಂದರೆ ಬಿಸಿ ಮಾಡಿ ಚಾಕುವಿನ ಆಕಾರಕ್ಕೇ ಒತ್ತಿ ಕೂರಿಸಿದ ಗಟ್ಟಿ ಪ್ಲಾಸ್ಟಿಕ್. ಚಾಕು ‘ಟಕ್’ ಎಂದು ಕೂತು ನಿಲ್ಲುತ್ತದೆ, ನೀರು ಹಿಡಿಯುವುದಿಲ್ಲ, ಕೆಳಗಿನ ತೂತಿನಿಂದ ಕೊಳೆ ಹೊರಹೋಗುತ್ತದೆ. ಮರಳು ಒಳಗೆ ಸೇರಿದರೆ ಮಾತ್ರ ಅಲಗಿನ ಮೇಲೆ ಗೀರು ಬೀಳುತ್ತದೆ.

ಎಲ್ಲಿ ಇಡುವುದು ಎಂಬುದಕ್ಕೆ ನಾಲ್ಕೈದು ದಾರಿಗಳಿವೆ. ಬೆಲ್ಟಿಗೆ ನೇರವಾಗಿ ತೂಗುಬಿಟ್ಟರೆ ತೆಗೆಯುವುದು ಸುಲಭ, ಆದರೆ ಕುರ್ಚಿಯಲ್ಲಿ, ವಾಹನದಲ್ಲಿ ಕುಳಿತಾಗ ಹಿಡಿ ಪಕ್ಕೆಗೆ ತಿವಿಯುತ್ತದೆ. ಬೆಲ್ಟಿನ ಮೇಲೆ ಅಡ್ಡವಾಗಿ, ಹೊಕ್ಕಳಿನ ಒಂದು ಪಕ್ಕಕ್ಕೆ ಇಟ್ಟರೆ ಕುಳಿತಾಗ ತೊಂದರೆಯಿಲ್ಲ, ಅಂಗಿಯ ಕೆಳಗೆ ಕಾಣುವುದೂ ಇಲ್ಲ. ಏಳು ಸೆಂಟಿಮೀಟರ್ ಅಲಗಿಗೆ ಇದು ಬಹಳ ಹೊಂದುತ್ತದೆ. ಜೇಬಿನ ಅಂಚಿಗೆ ಕೊಕ್ಕೆಯಿಂದ ಸಿಕ್ಕಿಸುವ ಒರೆಯಲ್ಲಿ, ಚಾಕು ಎಳೆದಾಗ ಒರೆಯೂ ಜೊತೆಗೆ ಬಂದುಬಿಡದಂತೆ ಕೊಕ್ಕೆ ಬಟ್ಟೆಯನ್ನು ಭದ್ರವಾಗಿ ಹಿಡಿದಿರಬೇಕು. ಕೊರಳಿಗೆ ತೂಗುಹಾಕುವವರು ಎಳೆದರೆ ತಾನಾಗಿ ಕಳಚಿಕೊಳ್ಳುವ ಸರಪಳಿಯನ್ನೇ ಬಳಸಬೇಕು, ಇಲ್ಲದಿದ್ದರೆ ಎಲ್ಲಾದರೂ ಸಿಕ್ಕಿಕೊಂಡಾಗ ಕೊರಳಿಗೇ ಉರುಳಾಗುತ್ತದೆ. ಬೆನ್ನಹುರಿಯ ಮೇಲೆ ಬರುವಂತೆ ಸೊಂಟದ ಹಿಂದೆ ಇಡುವುದು ಬೇಡ. ಜಾರಿ ಬಿದ್ದರೆ ಗಟ್ಟಿ ವಸ್ತುವೊಂದು ನೇರ ಮೂಳೆಗೆ ಬಡಿಯುತ್ತದೆ.

ಕಾನೂನು ನೋಡಿಕೊಳ್ಳುವುದು

ಮಡಚುವ ಚಾಕುವಿಗೂ ಮಡಚದ ಚಾಕುವಿಗೂ ಕೆಲವು ದೇಶಗಳಲ್ಲಿ ಬೇರೆ ಬೇರೆ ನಿಯಮಗಳಿವೆ. ಬ್ರಿಟನ್ನಿನಲ್ಲಿ ಬೀಗವಿಲ್ಲದ, ಮೂರು ಇಂಚಿಗಿಂತ ಹೆಚ್ಚು ಉದ್ದವಿಲ್ಲದ ಬಾಯಿಯ ಮಡಚುವ ಚಾಕುವಿಗೆ ವಿನಾಯಿತಿ ಇದೆ. ಮಡಚದ ಚಾಕು ಎಷ್ಟೇ ಗಿಡ್ಡವಾಗಿದ್ದರೂ ಸಾರ್ವಜನಿಕ ಸ್ಥಳದಲ್ಲಿ ಇಟ್ಟುಕೊಳ್ಳಲು ಸರಿಯಾದ ಕಾರಣ ಬೇಕು. ಜರ್ಮನಿ 12 ಸೆಂಟಿಮೀಟರಿಗಿಂತ ಉದ್ದದ ಅಲಗಿನ ಮಡಚದ ಚಾಕುವನ್ನು ನ್ಯಾಯವಾದ ಕಾರಣವಿಲ್ಲದೆ ಜೊತೆಗೆ ಒಯ್ಯುವುದನ್ನು ನಿರ್ಬಂಧಿಸಿದೆ. ಉದ್ದವೊಂದೇ ಅಳತೆಗೋಲಲ್ಲ, ಯಾವ ಜಾಗ, ಯಾವ ಉದ್ದೇಶ, ಬಚ್ಚಿಟ್ಟಿದ್ದೇ ಕಾಣುವಂತಿದ್ದೇ ಎಂಬುದೂ ಲೆಕ್ಕಕ್ಕೆ ಬರಬಹುದು. ವಿಮಾನದಲ್ಲಿ ಪ್ರಯಾಣಿಸುವಾಗ ಕೈಚೀಲದಲ್ಲಿ ಇಡದೆ, ಒಪ್ಪಿಸುವ ಸಾಮಾನಿನಲ್ಲಿ ಒರೆಯ ಸಮೇತ ಸುತ್ತಿ ಇಡಬೇಕು. ಕೊಳ್ಳುವ ಮೊದಲೇ ತಾವಿರುವ ಊರಿನ ನಿಯಮವನ್ನು ಓದಿಕೊಳ್ಳುವುದು ಅಗತ್ಯ.

ಕೈಯಲ್ಲಿ ಹಿಡಿದು ನೋಡುವಾಗ

ಮೊದಲು ಚಾಕುವನ್ನು ಒರೆಯಲ್ಲಿ ಸೇರಿಸಿ ತಲೆಕೆಳಗಾಗಿ ಹಿಡಿದು ಜೋರಾಗಿ ಅಲುಗಾಡಿಸಬೇಕು. ಕೆಳಗೆ ಯಾರ ಕಾಲೂ ಇಲ್ಲದಂತೆ ನೋಡಿಕೊಂಡು ಇದನ್ನು ಮಾಡುವುದು ಕ್ಷೇಮ. ಜಾರಿ ಬಿದ್ದರೆ ಆ ಚಾಕು ಬೇಡ. ನಂತರ ಒಂದೇ ಕೈಯಲ್ಲಿ ನಿಧಾನವಾಗಿ ಹೊರತೆಗೆದು, ಬೆರಳುಗಳು ಬಾಯಿಯ ದಾರಿಗೆ ಅಡ್ಡ ಬರುತ್ತವೆಯೇ ಎಂದು ಗಮನಿಸಬೇಕು. ಬಾಯಿಯನ್ನು ಮೇಲಕ್ಕೆ ಮಾಡಿ ಬೆಳಕಿನಲ್ಲಿ ಉದ್ದಕ್ಕೂ ನೋಡಿದರೆ ಹರಿತವಾದ ಅಂಚು ಹೊಳೆಯುವುದಿಲ್ಲ. ಬಿಳಿ ಚುಕ್ಕೆಯೋ ಗೆರೆಯೋ ಹೊಳೆದರೆ ಅಲ್ಲಿ ಮೊಂಡಾಗಿದೆ ಅಥವಾ ಚಕ್ಕೆ ಎದ್ದಿದೆ ಎಂದರ್ಥ. ಎರಡೂ ಬದಿಯ ಇಳಿಜಾರು ಒಂದೇ ಎತ್ತರದಲ್ಲಿ ಶುರುವಾಗಿದೆಯೇ, ಹಿಡಿಗೂ ಉಕ್ಕಿಗೂ ನಡುವೆ ಸಂದು ಬಿಟ್ಟಿದೆಯೇ ಎಂಬುದನ್ನೂ ನೋಡಬೇಕು. ಬಳಸಿದ ಮೇಲೆ ಚಾಕುವನ್ನು ಒರೆಗೆ ಸೇರಿಸುವಾಗ ಕಣ್ಣು ಅದರ ಮೇಲೇ ಇರಬೇಕು, ಏಕೆಂದರೆ ಕೆಲಸ ಮುಗಿಯಿತೆಂದು ಗಮನ ಬೇರೆಡೆ ಹೋಗುವುದು ಆ ಕ್ಷಣದಲ್ಲೇ.

ಹರಿತ ಉಳಿಸಿಕೊಳ್ಳುವುದು

ಸಾಣೆ ಎಂದರೆ ಬಾಯಿಯ ಎರಡು ಬದಿಯನ್ನೂ ಒಂದೇ ಕೋನದಲ್ಲಿ ತೇಯ್ದು, ಮತ್ತೆ ಒಂದು ಸೂಕ್ಷ್ಮವಾದ ಗೆರೆಯಲ್ಲಿ ಕೂಡಿಸುವುದು. ಪ್ರತಿ ಬದಿಗೆ 15ರಿಂದ 20 ಡಿಗ್ರಿ ದಿನಬಳಕೆಗೆ ಸರಿ. ಒಂದು ಬದಿಯನ್ನು ತೇಯುತ್ತಾ ಹೋದಾಗ ಇನ್ನೊಂದು ಬದಿಯಲ್ಲಿ ನವಿರಾದ ಉಕ್ಕಿನ ಎಳೆಯೊಂದು ಬೆರಳಿಗೆ ತಗಲತೊಡಗುತ್ತದೆ. ಬಾಯಿಯವರೆಗೂ ತೇಯ್ದಾಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಬಳಿಕ ಬದಿ ಬದಲಿಸಿ, ಒತ್ತಡ ಕಡಿಮೆ ಮಾಡುತ್ತಾ, ಕೊನೆಗೆ ಚರ್ಮದ ಪಟ್ಟಿಯ ಮೇಲೆ ಹಿಮ್ಮುಖವಾಗಿ ಎಳೆದು ಆ ಎಳೆಯನ್ನು ತೆಗೆದುಹಾಕಬೇಕು. ಪೂರ್ತಿ ಮೊಂಡಾಗುವವರೆಗೆ ಕಾಯದೆ, ಕಾಗದ ಸಲೀಸಾಗಿ ಸೀಳುವುದು ನಿಂತ ಕೂಡಲೇ ನಾಲ್ಕಾರು ಎಳೆತ ಕೊಟ್ಟರೆ ಕೆಲಸ ಕೆಲವೇ ನಿಮಿಷಗಳದ್ದು.

ವರ್ಷಗಟ್ಟಲೆ ಸಾಣೆ ಹಿಡಿದಂತೆಲ್ಲ ಬಾಯಿ ಬೆನ್ನಿನ ಕಡೆಗೆ, ಅಂದರೆ ಅಲಗಿನ ದಪ್ಪ ಭಾಗದ ಕಡೆಗೆ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಯುತ್ತದೆ. ಅದಕ್ಕಾಗಿಯೇ ಹಳೆಯ ಚಾಕು ಕೂದಲು ಕತ್ತರಿಸುವಷ್ಟು ಹರಿತವಾಗಿದ್ದರೂ ಹಣ್ಣಿನಲ್ಲಿ ಮೊದಲಿನಷ್ಟು ಸಲೀಸಾಗಿ ಇಳಿಯುವುದಿಲ್ಲ. ಆಗ ಬಾಯಿಯನ್ನಷ್ಟೇ ತೇಯ್ದು ಪ್ರಯೋಜನವಿಲ್ಲ. ಒರಟು ಕಲ್ಲಿನ ಮೇಲೆ ಅಲಗನ್ನು ಬಹುತೇಕ ಮಲಗಿಸಿ, ಬಾಯಿಯ ಹಿಂದಿನ ಮೈಯನ್ನೇ ತೆಳುವಾಗಿಸಿ, ಆಮೇಲೆ ನುಣುಪು ಕಲ್ಲಿನಲ್ಲಿ ಬಾಯಿ ಕಟ್ಟಬೇಕು.